ಬೆಲೆ ಕಟ್ಟಿದ ಬಾಲ್ಯ: ಗುರಜಾಡ ಅಪ್ಪಾರಾವ್ ಅವರ ಬದುಕು

ಆಧುನಿಕ ತೆಲುಗು ಸಾಹಿತ್ಯದ ಚರಿತ್ರೆಯಲ್ಲಿ ಗುರಜಾಡ ವೆಂಕಟ ಅಪ್ಪಾರಾವ್ ಅವರ ಹೆಸರು ಮೂರು ಪ್ರಕಾರಗಳ ಮೊದಲ ಪುಟದಲ್ಲಿ ಬರುತ್ತದೆ. ಆಡುನುಡಿಯಲ್ಲಿ ಬರೆದ ಮೊದಲ ಮಹತ್ವದ ನಾಟಕ ಅವರದು. ಹೊಸ ಛಂದೋಗತಿಯ ಕವಿತೆಗೆ ದಾರಿ ಮಾಡಿದವರು ಅವರು. ತೆಲುಗಿನ ಮೊದಲ ಸಣ್ಣಕತೆಗಳಲ್ಲಿ ಒಂದನ್ನು ಬರೆದವರೂ ಅವರೇ. ನಮ್ಮಲ್ಲಿ ಬಿ.ಎಂ.ಶ್ರೀ., ಕೈಲಾಸಂ, ಮಾಸ್ತಿ ಈ ಮೂವರು ಬೇರೆ ಬೇರೆಯಾಗಿ ಮಾಡಿದ ಕೆಲಸದ ಆರಂಭವನ್ನು ಅಲ್ಲಿ ಒಬ್ಬರೇ ಮಾಡಿದರು ಎಂದರೆ ಕನ್ನಡದ ವಿದ್ಯಾರ್ಥಿಗೆ ಅವರ ಸ್ಥಾನದ ಒಂದು ಅಂದಾಜು ಸಿಕ್ಕೀತು. ಆದರೆ ಇಂಥ ಹೋಲಿಕೆಗಳು ಪ್ರಕಾರಗಳ ಚರಿತ್ರೆಗೆ ಸಲ್ಲುವಂಥವು. ಒಬ್ಬ ಲೇಖಕನನ್ನು ಬರವಣಿಗೆಯತ್ತ ನೂಕಿದ ಒತ್ತಡ ಯಾವುದು ಎಂಬ ಪ್ರಶ್ನೆಗೆ ಅವು ಉತ್ತರ ಕೊಡುವುದಿಲ್ಲ. ಗುರಜಾಡರ ವಿಷಯದಲ್ಲಿ ಆ ಉತ್ತರವನ್ನು ಒಂದು ಪಟ್ಟಿಯಲ್ಲಿ ಹುಡುಕಬೇಕಾಗುತ್ತದೆ. ಅದು ವಿಶಾಖಪಟ್ಟಣ ಜಿಲ್ಲೆಯಲ್ಲಿ ಹಣಕ್ಕೆ ಮಾರಾಟವಾದ ಹೆಣ್ಣುಮಕ್ಕಳ ಪಟ್ಟಿ.

ಗುರಜಾಡರು ಹುಟ್ಟಿದ್ದು 1862ರ ಸೆಪ್ಟೆಂಬರ್ 21ರಂದು, ಯಲಮಂಚಿಲಿಯ ಸಮೀಪದ ರಾಯವರಂ ಎಂಬ ಊರಿನಲ್ಲಿ. ಎಸ್. ರಾಯವರಂ ಎಂದು ಇಂದು ಕರೆಯಲಾಗುವ ಆ ಊರು ಈಗ ಅನಕಾಪಲ್ಲಿ ಜಿಲ್ಲೆಗೆ ಸೇರಿದೆ. ಆಗ ಅದು ಮದ್ರಾಸ್ ಪ್ರಾಂತದ ವಿಶಾಖಪಟ್ಟಣ ಜಿಲ್ಲೆಯಲ್ಲಿತ್ತು. ಅವರ ಬಾಳಿನ ಬಹುಭಾಗ ಕಳೆದ ವಿಜಯನಗರಂ ಕೂಡ ಅದೇ ಜಿಲ್ಲೆಯ ಊರು. ವಿಜಯನಗರಂ ಪ್ರತ್ಯೇಕ ಜಿಲ್ಲೆಯಾದದ್ದು 1979ರಲ್ಲಿ. ತುಂಗಭದ್ರೆಯ ದಡದ ನಮ್ಮ ವಿಜಯನಗರಕ್ಕೂ ಈ ಊರಿಗೂ ಹೆಸರಿನ ಸಾಮ್ಯವಲ್ಲದೆ ಬೇರೆ ಸಂಬಂಧವಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಇದು ಪೂಸಪಾಟಿ ಮನೆತನದ ಸಂಸ್ಥಾನ.

ತಂದೆ ವೆಂಕಟರಾಮದಾಸು ಆ ಸಂಸ್ಥಾನದ ನೌಕರಿಯಲ್ಲಿದ್ದವರು. ತಾಯಿ ಕೌಸಲ್ಯಮ್ಮ. ತಂದೆಯ ಕೆಲಸದ ನಿಮಿತ್ತ ಬಾಲಕನ ಮೊದಲ ಓದು ಚೀಪುರುಪಲ್ಲಿಯಲ್ಲಿ ನಡೆಯಿತು. ತಂದೆ ಬೇಗನೆ ತೀರಿಕೊಂಡರು. ಆಸರೆ ತಪ್ಪಿದ ಹುಡುಗ ವಿಜಯನಗರಂಗೆ ಬಂದಾಗ ಅಲ್ಲಿಯ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಚಂದ್ರಶೇಖರ ಶಾಸ್ತ್ರಿಗಳು ಊಟ ವಸತಿಗಳನ್ನು ಕೊಟ್ಟು ಓದಿಸಿದರು. ಪರರ ಮನೆಯ ಅನ್ನವುಂಡು ವಿದ್ಯೆ ಕಲಿಯುವುದು ಆ ಕಾಲದ ಅನೇಕ ಬಡ ಬ್ರಾಹ್ಮಣ ಹುಡುಗರ ಪಾಡೇ ಆಗಿದ್ದಿತು. ಕರ್ನಾಟಕದಲ್ಲಿ ವಾರಾನ್ನದಿಂದ ಓದಿದವರ ಕಥೆ ನಮಗೆ ಹೊಸದಲ್ಲ. ಆದರೂ ಒಂದು ಅಂಶವನ್ನು ಗಮನಿಸಬೇಕು. ಆಸರೆ ಕಳೆದುಕೊಂಡ ಗಂಡುಮಗುವಿಗೆ ಸಮಾಜ ಒಂದು ಮನೆಯ ಜಗಲಿಯನ್ನಾದರೂ ತೋರಿಸುತ್ತಿತ್ತು. ಅದೇ ಬಡತನದ ಮನೆಯ ಹೆಣ್ಣುಮಗುವಿಗೆ ಅದು ಬೆಲೆ ಕಟ್ಟುತ್ತಿತ್ತು.

1882ರಲ್ಲಿ ಮೆಟ್ರಿಕ್ಯುಲೇಷನ್, 1884ರಲ್ಲಿ ಎಫ್.ಎ., 1886ರಲ್ಲಿ ಬಿ.ಎ. ಪರೀಕ್ಷೆಗಳು ಮುಗಿದವು. ನಡುವೆ 1884ರಲ್ಲಿ ಮಹಾರಾಜಾ ಪ್ರೌಢಶಾಲೆಯಲ್ಲಿ ತಿಂಗಳಿಗೆ 25 ರೂಪಾಯಿ ಸಂಬಳದ ಉಪಾಧ್ಯಾಯರಾದರು. 1885ರಲ್ಲಿ ಅಪ್ಪಲ ನರಸಮ್ಮನವರೊಡನೆ ವಿವಾಹವಾಯಿತು. ಬಿ.ಎ. ಆದ ಮೇಲೆ ಕೆಲಕಾಲ ಡೆಪ್ಯುಟಿ ಕಲೆಕ್ಟರರ ಕಚೇರಿಯಲ್ಲಿ ಹೆಡ್ ಗುಮಾಸ್ತೆಯಾಗಿದ್ದು, 1887ರಲ್ಲಿ 100 ರೂಪಾಯಿ ಸಂಬಳಕ್ಕೆ ತಾವು ಓದಿದ ಕಾಲೇಜಿನಲ್ಲೇ ಅಧ್ಯಾಪಕರಾದರು. ಅದೇ ವರ್ಷ ಹಿರಿಯ ಮಗಳು ಹುಟ್ಟಿದಳು. ಈ ಸಂಬಳದ ಅಂಕಿಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳುವುದು ಅಗತ್ಯ. ಮುಂದೆ ಅವು ಬೇಕಾಗುತ್ತವೆ.

ವಿದ್ಯಾರ್ಥಿ ದೆಸೆಯಲ್ಲಿ ಅವರು ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. 1883ರಲ್ಲಿ ಪ್ರಕಟವಾದ ಸಾರಂಗಧರನ ಕಥೆಯ ಇಂಗ್ಲಿಷ್ ಕವಿತೆಯನ್ನು ಕಲ್ಕತ್ತೆಯ ಪತ್ರಿಕೆಯೊಂದರ ಸಂಪಾದಕರಾದ ಶಂಭುಚಂದ್ರ ಮುಖರ್ಜಿಯವರು ಮೆಚ್ಚಿ ಮರುಮುದ್ರಿಸಿದರು. ಮೆಚ್ಚಿದ ಅವರೇ ತಾಯ್ನುಡಿಯಲ್ಲಿ ಬರೆಯುವುದು ಮೇಲೆಂದು ಬುದ್ಧಿಮಾತು ಹೇಳಿದರು. ಆ ಸಲಹೆ ಕೂಡಲೆ ಫಲಿಸಲಿಲ್ಲ. ಇಂಗ್ಲಿಷಿನ ನಂಟು ಅವರ ದಿನಚರಿಗಳಲ್ಲಿ, ಪತ್ರಗಳಲ್ಲಿ, ಮುನ್ನುಡಿಗಳಲ್ಲಿ ಕೊನೆಯತನಕವೂ ಉಳಿಯಿತು. ತೆಲುಗು ಅವರ ಸೃಷ್ಟಿಶೀಲ ಬರವಣಿಗೆಯ ಭಾಷೆಯಾಗಲು ಬೇರೊಂದು ಪ್ರೇರಣೆ ಬೇಕಾಯಿತು.

ಆ ಪ್ರೇರಣೆ ಬಂದದ್ದು ಅರಮನೆಯ ಕಡೆಯಿಂದ. ವಿಜಯನಗರಂ ಮಹಾರಾಜರಾದ ಆನಂದ ಗಜಪತಿಯವರು ವಿದ್ಯಾಪಕ್ಷಪಾತಿಗಳು, ಚರ್ಚಾಪ್ರಿಯರು, ಮದ್ರಾಸಿನ ಶಾಸನಸಭೆಯ ಸದಸ್ಯರು. ಗುರಜಾಡರ ಪ್ರತಿಭೆಯನ್ನು ಗುರುತಿಸಿ ಹತ್ತಿರ ಸೇರಿಸಿಕೊಂಡರು. 1891ರಲ್ಲಿ ಸಂಸ್ಥಾನದ ಶಾಸನ ಪರಿಶೋಧಕರನ್ನಾಗಿ ನೇಮಿಸಿದರು. ಆಗ ತೆಲುಗು ನಾಡಿನಲ್ಲಿ ಸಮಾಜ ಸುಧಾರಣೆಯ ಗಾಳಿ ಬಲವಾಗಿ ಬೀಸುತ್ತಿತ್ತು. 1881ರ ಡಿಸೆಂಬರಿನಲ್ಲಿ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ರಾಜಮಹೇಂದ್ರಿಯಲ್ಲಿ ಮೊದಲ ವಿಧವಾ ವಿವಾಹವನ್ನು ನಡೆಸಿಕೊಟ್ಟಿದ್ದರು. ಆದರೆ ವಿಧವೆಯ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿತ್ತು. ಇಷ್ಟೊಂದು ಎಳೆಯ ವಿಧವೆಯರು ಎಲ್ಲಿಂದ ಬರುತ್ತಿದ್ದರು?

ಉತ್ತರದ ಒಂದು ಭಾಗ ಕನ್ಯಾಶುಲ್ಕವೆಂಬ ಪದ್ಧತಿಯಲ್ಲಿತ್ತು. ವಿಶಾಖಪಟ್ಟಣ ಜಿಲ್ಲೆಯ ಕೆಲವು ಬ್ರಾಹ್ಮಣ ಪಂಗಡಗಳಲ್ಲಿ ವರನ ಕಡೆಯವರಿಂದ ಹಣ ಪಡೆದು ಹೆಣ್ಣು ಕೊಡುವ ರೂಢಿ ಬೇರೂರಿತ್ತು. ಹಣ ಕೊಡಬಲ್ಲವನು ಸಾಮಾನ್ಯವಾಗಿ ಹೆಂಡತಿ ಸತ್ತ ಮುದುಕ. ಹಣ ಬೇಕಾದವನು ಸಾಲಗಾರನೋ ವ್ಯಾಜ್ಯಗಾರನೋ ಆದ ತಂದೆ. ಮೈನೆರೆಯುವ ಮುನ್ನವೇ ಮದುವೆಯಾಗಬೇಕೆಂಬ ಶಾಸ್ತ್ರದ ಕಟ್ಟು ತಂದೆಯ ಆತುರಕ್ಕೆ ಒಳ್ಳೆಯ ಹೊದಿಕೆಯಾಯಿತು. ಮುದುಕ ಕೆಲವು ವರ್ಷಗಳಲ್ಲಿ ಸಾಯುತ್ತಿದ್ದ. ಹುಡುಗಿ ತಲೆ ಬೋಳಿಸಿಕೊಂಡು ತವರಿನ ಅಡುಗೆಮನೆಯ ಮೂಲೆಗೆ ಹಿಂದಿರುಗುತ್ತಿದ್ದಳು. ಅವಳ ತಂಗಿಯ ಬೆಲೆಯ ಮಾತುಕತೆ ಅಷ್ಟರಲ್ಲಿ ನಡುಮನೆಯಲ್ಲಿ ಆರಂಭವಾಗಿರುತ್ತಿತ್ತು.

ಮಹಾರಾಜರು ಇದನ್ನು ತಡೆಯುವ ಮಸೂದೆಯೊಂದನ್ನು ಮದ್ರಾಸಿನ ಶಾಸನಸಭೆಯ ಮುಂದೆ ತಂದರು. ಅದು ಶಾಸನವಾಗಲಿಲ್ಲ. ಆದರೆ ಅದೇ ಸಂದರ್ಭದಲ್ಲಿ ಅವರು ಜಿಲ್ಲೆಯಲ್ಲಿ ಮೂರು ವರ್ಷಗಳಲ್ಲಿ ನಡೆದ ಶುಲ್ಕ ವಿವಾಹಗಳ ಲೆಕ್ಕ ತೆಗೆಸಿದರು. ಕೊಟ್ಟವನಿಗೂ ಕೊಂಡವನಿಗೂ ಮುಚ್ಚಿಡಲು ಕಾರಣವಿದ್ದ ವ್ಯವಹಾರದ ಲೆಕ್ಕ ಪೂರ್ಣವಾಗಿರುವುದು ಸಾಧ್ಯವಿಲ್ಲ. ಹಾಗಿದ್ದೂ ದಾಖಲೆಗೆ ಸಿಕ್ಕ ಮದುವೆಗಳು 1034. ವರ್ಷಕ್ಕೆ ಸರಾಸರಿ 344ಕ್ಕೂ ಹೆಚ್ಚು. ವಧುಗಳಲ್ಲಿ 99 ಮಂದಿಗೆ ಐದು ವರ್ಷ, 44 ಮಂದಿಗೆ ನಾಲ್ಕು, 36 ಮಂದಿಗೆ ಮೂರು, 6 ಮಂದಿಗೆ ಎರಡು. ಇನ್ನು ಮೂವರಿಗೆ ಒಂದೇ ವರ್ಷ. ಒಂದು ವರ್ಷದ ಆ ಕೂಸುಗಳಿಗೆ ಬಂದ ಬೆಲೆ ತಲೆಗೆ 350ರಿಂದ 400 ರೂಪಾಯಿ. ಗರ್ಭದಲ್ಲಿದ್ದ ಶಿಶುವಿಗೂ ಕರಾರು ಕುದುರುತ್ತಿತ್ತೆಂದು ಗುರಜಾಡರೇ ದಾಖಲಿಸಿದ್ದಾರೆ.

ಈ ಅಂಕಿಗಳನ್ನು ಕೂಡಿಸಿ ನೋಡಿದರೆ ಐದು ವರ್ಷ ಮತ್ತು ಅದಕ್ಕೂ ಕೆಳಗಿನ ಮಕ್ಕಳು 188. ನೂರಕ್ಕೆ ಹದಿನೆಂಟು. ಕಾಲೇಜಿನ ಅಧ್ಯಾಪಕನ ನಾಲ್ಕು ತಿಂಗಳ ಸಂಬಳಕ್ಕೆ, ಶಾಲೆಯ ಉಪಾಧ್ಯಾಯನ ಹದಿನಾರು ತಿಂಗಳ ಸಂಬಳಕ್ಕೆ ತೊಟ್ಟಿಲಿನ ಕೂಸೊಂದು ಸಿಗುತ್ತಿತ್ತೆಂದಾಯಿತು. ಈ ಎರಡೂ ಸಂಬಳಗಳನ್ನು ಎಣಿಸಿ ಪಡೆದಿದ್ದ ಗುರಜಾಡರಿಗೆ ಈ ದರ ಬರಿಯ ಸಂಖ್ಯೆಯಾಗಿ ಉಳಿದಿರಲಾರದು. ನಾಟಕ ಮೊದಲ ಬಾರಿಗೆ ರಂಗವೇರಿದ 1892ರಲ್ಲಿ ಅವರ ಸ್ವಂತ ಮಗಳಿಗೆ ಐದು ವರ್ಷವಾಗಿತ್ತು.

ವಿಜಯನಗರಂನ ಜಗನ್ನಾಥ ವಿಲಾಸಿನೀ ಸಭೆಯವರು ಆ ವರ್ಷ ಆಡಿದ 'ಕನ್ಯಾಶುಲ್ಕಂ' 1897ರಲ್ಲಿ ಅಚ್ಚಾಯಿತು, ಆನಂದ ಗಜಪತಿಯವರಿಗೆ ಅರ್ಪಿತವಾಯಿತು. ಅದೇ ವರ್ಷ ಮಹಾರಾಜರು ತೀರಿಕೊಂಡರು. ಪಟ್ಟಿಯ ಅಂಕಿಗಳು ನಮಗೆ ತಿಳಿದಿರುವುದು ಆ ಮೊದಲ ಮುದ್ರಣದ ಇಂಗ್ಲಿಷ್ ಮುನ್ನುಡಿಯಿಂದ. ಸಮಾಜದ ರೋಗವನ್ನು ಅಂಕಿ ಅಂಶಗಳಿಂದ ನಿರೂಪಿಸಿ, ಅನಂತರ ನಗೆನಾಟಕವೊಂದನ್ನು ಓದುಗರ ಕೈಗಿಡುವ ಈ ಕ್ರಮ ಭಾರತೀಯ ನಾಟಕ ಸಾಹಿತ್ಯದಲ್ಲಿ ಅಪರೂಪವಾದುದು.

ಕನ್ನಡದ ಓದುಗರಿಗೆ ಈ ಸಂದರ್ಭದಲ್ಲಿ ಸೂರಿ ವೆಂಕಟರಮಣ ಶಾಸ್ತ್ರಿಗಳ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ' ನೆನಪಾಗದಿರದು. 1887ರಲ್ಲಿ ಪ್ರಕಟವಾದ ಆ ಕೃತಿಗೆ 'ಕನ್ಯಾವಿಕ್ರಯದ ಪರಿಣಾಮವು' ಎಂಬ ಇನ್ನೊಂದು ಹೆಸರೂ ಇದೆ. ಉತ್ತರ ಕನ್ನಡದ ಹವ್ಯಕ ಸಮಾಜದಲ್ಲಿ ಹಣಕ್ಕೆ ಹೆಣ್ಣು ಕೊಡುತ್ತಿದ್ದ ರೂಢಿಯೇ ಅದರ ವಸ್ತು. ಅದರ ಭಾಷೆಯೂ ಗ್ರಾಂಥಿಕವಲ್ಲ, ಮನೆಮಾತು. ಪೂರ್ವ ಕರಾವಳಿಯಲ್ಲಿಯೂ ಪಶ್ಚಿಮ ಕರಾವಳಿಯಲ್ಲಿಯೂ ಐದು ವರ್ಷಗಳ ಅಂತರದಲ್ಲಿ ಒಂದೇ ರೋಗಕ್ಕೆ ಒಂದೇ ಬಗೆಯ ಮದ್ದನ್ನು ಇಬ್ಬರು ಲೇಖಕರು ಕಂಡುಕೊಂಡರು. ಇಲ್ಲಿ ಪ್ರಭಾವದ ಮಾತನ್ನು ಎತ್ತಬೇಕಾಗಿಲ್ಲ. ಮಾರಾಟದ ಮಾತುಕತೆ ಎಲ್ಲಿಯೂ ಗ್ರಾಂಥಿಕ ಭಾಷೆಯಲ್ಲಿ ನಡೆಯುವುದಿಲ್ಲವಾದ್ದರಿಂದ ಇಬ್ಬರೂ ಆಡುನುಡಿಗೆ ಇಳಿಯಲೇಬೇಕಾಯಿತು. ಮದ್ರಾಸಿನಲ್ಲಿ ಮಸೂದೆ ಬಿದ್ದುಹೋದರೂ ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹ ನಿರೋಧಕ ಕಾಯಿದೆಯನ್ನು ತಂದಿತು. ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನೂ, ಐವತ್ತು ದಾಟಿದ ಗಂಡಸರು ಹದಿನಾಲ್ಕು ತುಂಬದ ಹುಡುಗಿಯರನ್ನು ಮದುವೆಯಾಗುವುದನ್ನೂ ಅದು ನಿಷೇಧಿಸಿತು. ಎಂಟು ವರ್ಷವೆಂಬ ಮಿತಿ ಇಂದು ನಮಗೆ ಅತ್ಯಲ್ಪವಾಗಿ ಕಾಣುತ್ತದೆ. ವಿಶಾಖಪಟ್ಟಣದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದಾಗ ಅದರ ಅರ್ಥವೇ ಬೇರೆಯಾಗುತ್ತದೆ. ಆ 188 ಕೂಸುಗಳ ಮದುವೆಗಳಲ್ಲಿ ಒಂದೂ ಮೈಸೂರಿನಲ್ಲಿ ಕಾನೂನುಬದ್ಧವಾಗಿ ನಡೆಯುವಂತಿರಲಿಲ್ಲ.

ನಾಟಕದ ಕಥೆಯನ್ನು ಸಂಗ್ರಹವಾಗಿ ಹೇಳಬಹುದು. ಕೃಷ್ಣರಾಯಪುರದ ಅಗ್ರಹಾರದ ಅಗ್ನಿಹೋತ್ರಾವಧಾನಿ ಸಿಡುಕಿನವನು, ವ್ಯಾಜ್ಯದ ಗೀಳಿನವನು. ಹಿರಿಯ ಮಗಳು ಬುಚ್ಚಮ್ಮ ಈಗಾಗಲೇ ವಿಧವೆ. ಎರಡನೆಯವಳಾದ ಎಳೆಯ ಸುಬ್ಬಿಯನ್ನು ಮುದುಕ ಲುಬ್ಧಾವಧಾನಿಗೆ 1800 ರೂಪಾಯಿಗೆ ಕೊಡಲು ಅವನು ಒಪ್ಪುತ್ತಾನೆ. ತಂಗಿಯ ಮಗಳನ್ನು ಉಳಿಸಲು ಸೋದರಮಾವ ಕರಟಕ ಶಾಸ್ತ್ರಿ ತನ್ನ ಶಿಷ್ಯನಾದ ಹುಡುಗ ಮಹೇಶನಿಗೆ ಹೆಣ್ಣುವೇಷ ಹಾಕಿ, ಕಡಿಮೆ ಬೆಲೆಯ ಆಸೆ ತೋರಿಸಿ, ಅವನನ್ನೇ ಲುಬ್ಧಾವಧಾನಿಗೆ ಮದುವೆ ಮಾಡಿಸುತ್ತಾನೆ. ಈ ಸಂಚಿಗೆ ನೆರವಾಗುವವಳು ವೇಶ್ಯೆ ಮಧುರವಾಣಿ. ಇಂಗ್ಲಿಷ್ ಕಲಿತ ಗಿರೀಶನೆಂಬ ಮಾತಿನಮಲ್ಲ ಮನೆಪಾಠದ ನೆವದಲ್ಲಿ ಅಗ್ರಹಾರ ಸೇರಿ, ವಿಧವಾ ವಿವಾಹದ ಘನತೆಯನ್ನು ಬಣ್ಣಿಸುತ್ತ ಬುಚ್ಚಮ್ಮನನ್ನು ಕರೆದೊಯ್ಯುತ್ತಾನೆ. 'ವಧು' ಕಾಣೆಯಾದಾಗ ಲುಬ್ಧಾವಧಾನಿಯ ಮೇಲೆ ಕೊಲೆಯ ಆರೋಪ ಬರುತ್ತದೆ. ಪಾತ್ರಗಳೆಲ್ಲ ವಿಶಾಖಪಟ್ಟಣಕ್ಕೆ ಧಾವಿಸುತ್ತಾರೆ. ಕೋರ್ಟು ಕಚೇರಿ, ವಕೀಲರು, ಪೊಲೀಸರು, ಸುಳ್ಳುಸಾಕ್ಷಿಗಳು ತುಂಬಿದ ಆ ಪಟ್ಟಣದಲ್ಲಿ ಸತ್ಯವಂತ ವಕೀಲ ಸೌಜನ್ಯರಾವ್ ಅವರ ಮನೆಗೆ ಮಧುರವಾಣಿ ಹೋಗಿ ನಿಜ ಹೇಳಿದಾಗ ಗಂಟು ಬಿಚ್ಚುತ್ತದೆ. ಬುಚ್ಚಮ್ಮನಿಗೆ ಪುಣೆಯ ವಿಧವಾಶ್ರಮದ ದಾರಿ ತೆರೆಯುತ್ತದೆ. ಗಿರೀಶನಿಗೆ ಏನೂ ಸಿಗುವುದಿಲ್ಲ.

1909ರಲ್ಲಿ ಬಂದ ಎರಡನೆಯ ಮುದ್ರಣ ವಾಸ್ತವವಾಗಿ ಹೊಸ ನಾಟಕವೇ. ಐದು ಅಂಕಗಳು ಏಳಾದುವು. ಮಧುರವಾಣಿ ನಾಟಕದ ನಡುವಿಗೆ ಬಂದಳು. ಗಿರೀಶ ಬೆಳೆದ. ಇಂದು ಓದುವುದು, ಆಡುವುದು ಈ ರೂಪವನ್ನೇ. ಮೊದಲ ರೂಪ ಸುಧಾರಣೆಯ ನಾಟಕವಾದರೆ ಎರಡನೆಯದು ಸುಧಾರಕರನ್ನೂ ಪರೀಕ್ಷಿಸುವ ನಾಟಕ. 2007ರಲ್ಲಿ ಇದನ್ನು ಇಂಗ್ಲಿಷಿಗೆ ತಂದ ವೆಲ್ಚೇರು ನಾರಾಯಣ ರಾವ್ ಅವರು ಕೃತಿಯನ್ನು ಸುಧಾರಣೆಯ ಚೌಕಟ್ಟಿನಿಂದ ಬಿಡಿಸಿ ನೋಡಬೇಕೆಂದು ವಾದಿಸಿದ್ದಾರೆ. ವಾದದಲ್ಲಿ ಹುರುಳಿದೆ. ಆದರೆ ಮುನ್ನುಡಿಯ ಪಟ್ಟಿಯನ್ನು ಮರೆತರೆ ಆ ವಾದ ಅರ್ಧಸತ್ಯವಾಗುತ್ತದೆ.

ಇಲ್ಲಿ ವಿಮರ್ಶಕರು ಅಷ್ಟಾಗಿ ಲಕ್ಷ್ಯ ಕೊಡದ ಒಂದು ಸಂಗತಿಯಿದೆ. ಯಾವ ಮಗುವಿಗಾಗಿ ಇಷ್ಟು ಜನ ಇಷ್ಟು ಸುಳ್ಳು ಹೇಳುತ್ತಾರೋ, ಇಷ್ಟು ದೂರ ಓಡಾಡುತ್ತಾರೋ, ಆ ಸುಬ್ಬಿಗೆ ನಾಟಕದಲ್ಲಿ ಹೆಚ್ಚು ಮಾತಿಲ್ಲ. ಅವಳ ಬೆಲೆಯ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಇದು ನಾಟಕದ ಕೊರತೆ ಎಂದು ಕೂಡಲೆ ತೀರ್ಮಾನಿಸಬೇಕಾಗಿಲ್ಲ. ಮಾರಾಟವಾಗುವ ಮಗುವಿನ ಸ್ಥಿತಿಯೇ ಅದು. ಆದರೂ ಗುರಜಾಡರಿಗೆ ಈ ಮೌನ ಸಾಲದಾಯಿತೆಂದು ಊಹಿಸಲು ಆಧಾರವಿದೆ. ಆ ಆಧಾರ ಅವರು ಮುಂದೆ ಬರೆದ 'ಪೂರ್ಣಮ್ಮ' ಎಂಬ ಕಥನಕವನ.

ಅದಕ್ಕೆ ಮುಂಚೆ ಅವರ ಹೊರಗಿನ ಬದುಕನ್ನು ಸ್ವಲ್ಪ ನೋಡಬೇಕು. ಆನಂದ ಗಜಪತಿಯವರ ಮರಣಾನಂತರ ಗುರಜಾಡರು ಮಹಾರಾಜರ ಸೋದರಿಯಾದ ರೀವಾ ಮಹಾರಾಣಿಯವರ ಆಪ್ತ ಕಾರ್ಯದರ್ಶಿಯಾದರು. ಸಂಸ್ಥಾನದ ವ್ಯಾಜ್ಯಗಳ ಕಾಗದಪತ್ರ, ವಕೀಲರೊಡನೆ ಸಮಾಲೋಚನೆ, ಮದ್ರಾಸಿನ ಓಡಾಟ ಇವುಗಳಲ್ಲಿ ವರ್ಷಗಳು ಸವೆದುವು. ಶರೀರ ಮೊದಲಿನಿಂದಲೂ ದುರ್ಬಲ. ಕಾಯಿಲೆ ಬಿಟ್ಟು ಬಿಟ್ಟು ಬರುತ್ತಿತ್ತು. ಅರಮನೆಯ ಕೆಲಸ ಅವರಿಗೆ ಜೀವನೋಪಾಯವನ್ನೂ ಗೌರವವನ್ನೂ ಕೊಟ್ಟಿತು. ಬರೆಯುವ ಸಮಯವನ್ನೂ ದೇಹದಾರ್ಢ್ಯವನ್ನೂ ಕಸಿದುಕೊಂಡಿತು. ಅವರು ಬರೆದುದು ಗಾತ್ರದಲ್ಲಿ ಇಷ್ಟು ಕಡಿಮೆಯಾದದ್ದಕ್ಕೆ, ಹಲವು ಕೃತಿಗಳು ಅರ್ಧಕ್ಕೇ ನಿಂತದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಅವರ ಸೃಷ್ಟಿಶಕ್ತಿ ಎರಡನೆಯ ಬಾರಿ ಉಕ್ಕಿದ್ದು 1909ರ ನಂತರದ ಕೆಲವೇ ವರ್ಷಗಳಲ್ಲಿ. 1910ರಲ್ಲಿ ಮಚಲೀಪಟ್ಟಣದ 'ಆಂಧ್ರಭಾರತಿ' ಪತ್ರಿಕೆಯಲ್ಲಿ 'ದಿದ್ದುಬಾಟು' ಕತೆ ಬಂದಿತು. ಸೂಳೆಯರ ಮನೆಗೆ ಹೋಗುವ ಗಂಡನನ್ನು ಓದುಬಲ್ಲ ಹೆಂಡತಿ ತಿದ್ದುವ ಪುಟ್ಟ ಕತೆಯದು. ಅದೇ ವರ್ಷ 'ಮುತ್ಯಾಲ ಸರಾಲು' ಕವಿತೆ ಹೊಸ ಗತಿಯೊಂದನ್ನು ತಂದಿತು. ದೇಶಭಕ್ತಿಯನ್ನು ಕುರಿತ ಅವರ ಹಾಡು ಶಾಲೆಯ ಮಕ್ಕಳ ಬಾಯಲ್ಲಿ ಇಂದಿಗೂ ಇದೆ.

'ಪೂರ್ಣಮ್ಮ' ಈ ಅವಧಿಯ ಕವನ. ಹಣಕ್ಕಾಗಿ ಮುದುಕನಿಗೆ ಕೊಟ್ಟ ಹುಡುಗಿ ಗಂಡನ ಮನೆಗೆ ಹೊರಡುವ ದಿನ ಮನೆಯವರಿಂದ ಬೀಳ್ಕೊಂಡು, ದುರ್ಗೆಯ ಗುಡಿಯ ಬಳಿಯ ಕೊಳಕ್ಕೆ ಹೋಗುತ್ತಾಳೆ, ಮರಳುವುದಿಲ್ಲ. ಹಾಡಿನ ಮಟ್ಟಿನ ಸರಳ ರಚನೆ ಅದು. ಕವನದ ಜೀವ ಇರುವುದು ಬೀಳ್ಕೊಡುಗೆಯಲ್ಲಿ. ಸುಬ್ಬಿಗೆ ಸಿಗದ ಮಾತು ಪೂರ್ಣಮ್ಮನಿಗೆ ಸಿಕ್ಕಿದೆ. ಅವಳು ತಂದೆಯನ್ನು ಜರಿಯುವುದಿಲ್ಲ, ಶಾಸ್ತ್ರವನ್ನು ತರ್ಕಿಸುವುದಿಲ್ಲ. ಒಡಹುಟ್ಟಿದವರು ಕೂಡಿ ನಗುವ ಹೊತ್ತಿನಲ್ಲಿ ತನ್ನ ನೆನಪನ್ನೂ ಸೇರಿಸಿಕೊಳ್ಳಬೇಕೆಂದು ತಮ್ಮಂದಿರನ್ನು ಕೇಳುತ್ತಾಳೆ. ಪಟ್ಟಿಯಲ್ಲಿ ವಯಸ್ಸು ಮತ್ತು ಬೆಲೆಯಾಗಿ ಇದ್ದ ಹೆಣ್ಣುಮಗು ನಾಟಕದಲ್ಲಿ ಹೆಸರು ಪಡೆದು, ಕವನದಲ್ಲಿ ಮಾತು ಪಡೆಯಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ನಾಟಕದ ಜಾಣ್ಮೆ ಇಲ್ಲಿಲ್ಲ. ಯಾವ ಸೋದರಮಾವನೂ ವೇಷ ಕಟ್ಟಿಸಿ ಈ ಹುಡುಗಿಯನ್ನು ಉಳಿಸುವುದಿಲ್ಲ. 'ಕನ್ಯಾಶುಲ್ಕಂ' ಮೇರುಕೃತಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಮಗುವಿನ ಪಕ್ಷದಿಂದ ನೋಡಿದರೆ ಈ ಸಣ್ಣ ಕವನವೇ ಹೆಚ್ಚು ಪ್ರಾಮಾಣಿಕವಾದುದು.

ಮಕ್ಕಳ ಕಷ್ಟವನ್ನು ಕುರಿತ ಅವರ ಚಿಂತೆ ಇನ್ನೊಂದು ಕ್ಷೇತ್ರಕ್ಕೂ ಹರಿಯಿತು. ಅದು ಶಾಲೆ. ಆ ಕಾಲದ ತೆಲುಗು ಪಠ್ಯಪುಸ್ತಕಗಳ ಭಾಷೆ ಯಾವ ಮನೆಯಲ್ಲಿಯೂ ಕೇಳಿಬರದ ಗ್ರಾಂಥಿಕ ಭಾಷೆ. ಹುಡುಗರು ವಿಷಯವನ್ನು ತಿಳಿಯುವ ಮೊದಲು ಸತ್ತ ವ್ಯಾಕರಣರೂಪಗಳನ್ನು ಬಾಯಿಪಾಠ ಮಾಡಬೇಕಾಗಿತ್ತು. ಶಾಲಾ ತನಿಖಾಧಿಕಾರಿಯಾಗಿ ಬಂದ ಯೇಟ್ಸ್ ಎಂಬ ಇಂಗ್ಲಿಷರಿಗೆ ಈ ವಿಚಿತ್ರ ಗಮನಕ್ಕೆ ಬಂದಿತು. ಅವರೊಡನೆ ವಿಶಾಖಪಟ್ಟಣದ ಎ.ವಿ.ಎನ್. ಕಾಲೇಜಿನ ಪ್ರಾಂಶುಪಾಲರಾದ ಪಿ.ಟಿ. ಶ್ರೀನಿವಾಸ ಅಯ್ಯಂಗಾರರು, ಪರ್ಲಾಕಿಮಿಡಿಯಲ್ಲಿ ಅಧ್ಯಾಪಕರಾಗಿದ್ದ ಗಿಡುಗು ರಾಮಮೂರ್ತಿ ಪಂತುಲು, ಗುರಜಾಡರು ಸೇರಿದರು. ಗಿಡುಗು ಅವರು ವಿಜಯನಗರಂನ ಶಾಲೆಯ ದಿನಗಳಿಂದ ಗುರಜಾಡರ ಸ್ನೇಹಿತರು. ವ್ಯಾವಹಾರಿಕ ಭಾಷಾ ಚಳವಳಿ ಎಂದು ಪ್ರಸಿದ್ಧವಾದ ಹೋರಾಟ ಹೀಗೆ ಮೊದಲಾಯಿತು. ಜಯಂತಿ ರಾಮಯ್ಯ ಪಂತುಲು ಮೊದಲಾದ ವಿದ್ವಾಂಸರು ಎದುರು ನಿಂತರು. ಮದ್ರಾಸ್ ವಿಶ್ವವಿದ್ಯಾನಿಲಯದ ಸದಸ್ಯರಾಗಿದ್ದ ಗುರಜಾಡರು ಬಹುಮತಕ್ಕೆ ಒಪ್ಪದೆ 1914ರಲ್ಲಿ ವಿಸ್ತಾರವಾದ ಭಿನ್ನಾಭಿಪ್ರಾಯ ಪತ್ರವನ್ನು ಸಲ್ಲಿಸಿದರು. ಪ್ರಾಚೀನ ಕಾವ್ಯಗಳ, ಶಾಸನಗಳ ಆಧಾರದಿಂದ ಭಾಷೆಯ ಚಲನೆಯನ್ನು ತೋರಿಸುವ ಆ ಬರಹ ಶಾಸನ ಪರಿಶೋಧಕನ ಹಳೆಯ ಅನುಭವದಿಂದ ಬಲಗೊಂಡದ್ದು. ತತ್ಕಾಲಕ್ಕೆ ಅವರು ಸೋತರು.

1913ರಲ್ಲಿ ಅರಮನೆಯ ಕೆಲಸದಿಂದ ನಿವೃತ್ತರಾಗಿದ್ದರು. ಬಿಡುವು ಬಂದಾಗ ಶಕ್ತಿ ಉಳಿದಿರಲಿಲ್ಲ. 1915ರ ನವೆಂಬರ್ 30ರಂದು ವಿಜಯನಗರಂನಲ್ಲಿ, ಐವತ್ತಮೂರನೆಯ ವಯಸ್ಸಿನಲ್ಲಿ, ಗುರಜಾಡರು ತೀರಿಕೊಂಡರು. ಹುಡುಗಿಯರ ಮದುವೆಗೆ ಹದಿನಾಲ್ಕು ವರ್ಷವೆಂಬ ಮಿತಿಯನ್ನು ಬ್ರಿಟಿಷ್ ಭಾರತಕ್ಕೆಲ್ಲ ಹಾಕಿದ ಶಾರದಾ ಕಾಯಿದೆ ಬಂದದ್ದು 1929ರಲ್ಲಿ.

ಬದುಕಿದ್ದಾಗ ಅವರ ಕೀರ್ತಿ ಉತ್ತರದ ಜಿಲ್ಲೆಗಳನ್ನು ದಾಟಿ ಬಹಳ ದೂರ ಹೋಗಲಿಲ್ಲ. ಅದನ್ನು ಹಬ್ಬಿಸಿದವರು ಮುಂದಿನ ತಲೆಮಾರಿನವರು. 1910ರಲ್ಲಿ ವಿಶಾಖಪಟ್ಟಣದಲ್ಲಿ ಹುಟ್ಟಿದ ಶ್ರೀಶ್ರೀ, ತಿಕ್ಕನ ಮತ್ತು ವೇಮನರ ಪಕ್ಕದಲ್ಲಿ ಗುರಜಾಡರನ್ನು ನಿಲ್ಲಿಸಿ ತೆಲುಗಿನ ಕವಿತ್ರಯವನ್ನೇ ಹೊಸದಾಗಿ ಎಣಿಸಿದರು. ಚೆದುರಿಹೋಗಿದ್ದ ಕತೆ, ಕವಿತೆ, ಪತ್ರ, ದಿನಚರಿಗಳನ್ನು ಸಂಪುಟಗಳಾಗಿ ಓದುಗರಿಗೆ ತಲುಪಿಸಿದ್ದು ವಿಜಯವಾಡದ ವಿಶಾಲಾಂಧ್ರ ಪ್ರಕಾಶನಾಲಯ. 1955ರಲ್ಲಿ ನಾಟಕ ಚಲನಚಿತ್ರವಾಗಿ, ಸಾವಿತ್ರಿಯವರ ಮಧುರವಾಣಿ, ಎನ್.ಟಿ. ರಾಮರಾವ್ ಅವರ ಗಿರೀಶ ಮನೆಮಾತಾದರು. ವಿಜಯವಾಡದಿಂದ 1960ರಲ್ಲಿ ಹೊರಟ 'ಆಂಧ್ರಜ್ಯೋತಿ' ಪತ್ರಿಕೆಯ ಸಂಪಾದಕರಾದ ನಾರ್ಲ ವೆಂಕಟೇಶ್ವರರಾವ್ ಅವರು ಸಾಹಿತ್ಯ ಅಕಾದೆಮಿಯ ಭಾರತೀಯ ಸಾಹಿತ್ಯ ನಿರ್ಮಾಪಕರ ಮಾಲೆಗೆ ಗುರಜಾಡರ ಕಿರು ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ತೆಲುಗು ಬಾರದ ಓದುಗರಲ್ಲಿ ಅನೇಕರಿಗೆ ರಾಯವರಂನ ಈ ಲೇಖಕನ ಪರಿಚಯವಾದದ್ದು ಆ ಪುಸ್ತಕದಿಂದ.